ಕಣದಲ್ಲೊಂದು ಎಸಳು

ನಮ್ಮ ಗಣಿತದ ಬಾಯಾರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಸೊಲ್ಲಾಪುರದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಮರಾಠಿಯ ರೂಢಿಯಂತೆ ‘ಬಾಯಿ’ ಎನ್ನುತ್ತಾರೆ. ಗೌರವ ಜಾಸ್ತಿಯಾದರೆ ಬಾಯಾರು. ಅಕ್ಕಲಕೋಟೆಯ ಕನ್ನಡ ಶಾಲೆಯೊಂದರಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಇಬ್ಬರ ಮನೆಯೂ ಸೊಲ್ಲಾಪುರದಲ್ಲಿ. ಹೀಗಾಗಿ ನನ್ನ ನೌಕರಿಯ ಬಹುಪಾಲು ಬೆಳಗುಗಳು ಎಸ್‌ಟಿ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕಳೆದವು.

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ಪೈ ಬಾಯಿ’. ವೃತ್ತದ ಪಾಠದಲ್ಲಿ ಬರುತ್ತದಲ್ಲ, ಆ ಪೈ. ಹೊಸದಾಗಿ ಬಂದ ಗುಮಾಸ್ತನೊಬ್ಬ ಅದನ್ನು ಮನೆತನದ ಹೆಸರೆಂದೇ ತಿಳಿದು, ಶಾಲೆಯ ವಾರ್ಷಿಕ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ‘ಶ್ರೀಮತಿ ಪೈ’ ಎಂದು ಅಚ್ಚು ಹಾಕಿಸಿಬಿಟ್ಟ. ಹೆಡ್‌ಮಾಸ್ತರರು ಕೆಂಡವಾದರು. ಬಾಯಾರು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇರ್ಲಿ ಬಿಡ್ರಿ ಸರ. ನಮ್ಮ ಯಜಮಾನ್ರ ಆಡನಾವಕ್ಕಿಂತ ಇದ ಛಲೋ ಐತಿ. ಎಷ್ಟ ಬರದ್ರೂ ಮುಗಿಯಾಂಗಿಲ್ಲ” ಎಂದರು. ಗುಮಾಸ್ತ ಬದುಕಿಕೊಂಡ.

ಗಿಡ್ಡ ಆಳು. ಕತ್ತು ಕಾಣದಷ್ಟು ಗುಂಡು ಮೈ. ಎಡಗೈಯಲ್ಲಿ ಬರೆಯುತ್ತಿದ್ದರು. ಬೋರ್ಡಿನ ನಡುವೆ ಬಲಗೈ ಹೆಬ್ಬೆರಳಿನಿಂದ ದಾರದ ತುದಿ ಒತ್ತಿ ಹಿಡಿದು, ಎಡಗೈಯ ಖಡುವನ್ನು, ಅಂದರೆ ಸೀಮೆಸುಣ್ಣವನ್ನು, ಸುತ್ತ ತಿರುಗಿಸಿದರೆ ವೃತ್ತ ಸಿದ್ಧ. ಅವರ ಎತ್ತರಕ್ಕೆ ಮೇಲಿನ ಭಾಗ ನಿಲುಕುತ್ತಿರಲಿಲ್ಲ. ಅದಕ್ಕೆ ಬೋರ್ಡಿನ ಕೆಳಗೆ ಒಂದು ಮಣೆ. ಮಣೆ ಹತ್ತುವಾಗ ಯಾರಾದರೂ ನಕ್ಕರೆ ಅವರಿಗೆ ಗೊತ್ತಾಗುತ್ತಿತ್ತು, ತಿರುಗಿ ನೋಡುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಸೆರಗಿನ ತುಂಬ ಖಡುವಿನ ಪುಡಿ. ಬಸ್ಸಿನಲ್ಲಿ ನನ್ನ ಸೀರೆಗೂ ಹತ್ತುತ್ತಿತ್ತು.

ಅವರನ್ನು ದೇವತೆ ಮಾಡುವುದು ನನ್ನಿಂದಾಗದು. ಅರ್ಧ ಮಾರ್ಕು ಕೊಡಲು ಪ್ರಾಣ ಹೋದಂತೆ ಮಾಡುತ್ತಿದ್ದರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಮಾತು ಬಿಡುತ್ತಿದ್ದರು. ಒಮ್ಮೆ ನಾನು ಅವರ ಪಿರಿಯಡ್ಡನ್ನು ನಾಟಕದ ತಾಲೀಮಿಗೆ ತೆಗೆದುಕೊಂಡೆನೆಂದು, ಪಕ್ಕದ ಸೀಟಿನಲ್ಲೇ ಕೂತು, ಕಿಟಕಿಯ ಕಡೆ ಮುಖ ಮಾಡಿಕೊಂಡು ಎಷ್ಟೋ ದಿನ ಪ್ರಯಾಣ ಮಾಡಿದರು. ಆಮೇಲೆ ಒಂದು ಬೆಳಿಗ್ಗೆ ಏನೂ ಆಗದವರ ಹಾಗೆ ಶೇಂಗಾ ಚಟ್ನಿಯ ಡಬ್ಬಿ ತೆಗೆದು ನನ್ನ ಮಡಿಲಲ್ಲಿ ಇಟ್ಟರು. ಅಲ್ಲಿಗೆ ಸಂಧಾನ.

ವೃತ್ತದ ಕ್ಷೇತ್ರಫಲದ ಪಾಠ ಬಂತೆಂದರೆ ಇಡೀ ಶಾಲೆಗೆ ಗೊತ್ತಾಗುತ್ತಿತ್ತು. ಆ ದಿನ ಅವರು ಮನೆಯಿಂದ ಜೋಳದ ರೊಟ್ಟಿಯ ದೊಡ್ಡ ಗಂಟನ್ನೇ ತರುತ್ತಿದ್ದರು. ನಮ್ಮಲ್ಲಿ ಕಡಕ್ ರೊಟ್ಟಿ ಹೆಸರುವಾಸಿ. ಆದರೆ ಅದು ಕತ್ತರಿ ತಾಗಿದರೆ ಪುಡಿಪುಡಿ. ಅದಕ್ಕೇ ಮೆತ್ತಗಿನ ರೊಟ್ಟಿ. ಒಂದೊಂದು ಬೆಂಚಿಗೆ ಒಂದೊಂದು ರೊಟ್ಟಿ ಕೊಟ್ಟು, ನಡುವಿನಿಂದ ಅಂಚಿನವರೆಗೆ ಸಣ್ಣ ಸಣ್ಣ ತುಂಡು ಕತ್ತರಿಸಲು ಹೇಳುತ್ತಿದ್ದರು. ಆಮೇಲೆ ಆ ತುಂಡುಗಳನ್ನು ಒಂದರ ಚೂಪು ಮೇಲೆ, ಇನ್ನೊಂದರ ಚೂಪು ಕೆಳಗೆ ಬರುವಂತೆ ಒತ್ತೊತ್ತಾಗಿ ಜೋಡಿಸಬೇಕು. ಗುಂಡನೆಯ ರೊಟ್ಟಿ ನೋಡನೋಡುತ್ತ ಉದ್ದನೆಯ ಪಟ್ಟಿಯಾಗುತ್ತಿತ್ತು.

“ಈಗ ಇದು ಆಯತ ಆತಿಲ್ಲೋ? ಇದರ ಅಗಲ ಯಾವದು?” ಎಂದು ಕೇಳುವರು.

“ರೊಟ್ಟಿ ತ್ರಿಜ್ಯ ಬಾಯಿ.”

“ಉದ್ದ?”

ಇಲ್ಲಿ ತರಗತಿ ತಡವರಿಸುತ್ತಿತ್ತು. ಅವರು ಕಾಯುತ್ತಿದ್ದರು. ಅಂಚಿನಲ್ಲಿ ಅರ್ಧ ಮೇಲೆ ಹೋಗಿದೆ, ಅರ್ಧ ಕೆಳಗೆ ಬಂದಿದೆ, ಆದ್ದರಿಂದ ಉದ್ದ ಎಂದರೆ ಸುತ್ತಳತೆಯ ಅರ್ಧ ಎಂದು ಯಾರಾದರೂ ಹೇಳುವವರೆಗೂ ಸುಮ್ಮನೆ ನಿಂತಿರುತ್ತಿದ್ದರು. ಉದ್ದವನ್ನು ಅಗಲದಿಂದ ಗುಣಿಸಿದರೆ ಸೂತ್ರ ಬೋರ್ಡಿನ ಮೇಲೆ ಬರುತ್ತಿತ್ತು. ಪೈ ಗುಣಿಸು ತ್ರಿಜ್ಯದ ವರ್ಗ. “ತಿನ್ರಿ ಇನ್ನ” ಎಂದಮೇಲೆ ಗಣಿತದ ಕೋಣೆಯಿಂದ ಚಟ್ನಿಯ ವಾಸನೆ ನನ್ನ ತರಗತಿಗೂ ಬಂದು, ಪದ್ಯ ಕೇಳುವ ಮನಸ್ಸು ಒಬ್ಬರಿಗೂ ಉಳಿಯುತ್ತಿರಲಿಲ್ಲ.

ಆ ರೊಟ್ಟಿಯ ತುಂಡಿನ ಹೆಸರಿಗಾಗಿ ನಮ್ಮಿಬ್ಬರಿಗೂ ಜಗಳವಾಗಿತ್ತು. ಎರಡು ತ್ರಿಜ್ಯಗಳ ನಡುವಿನ ಭಾಗಕ್ಕೆ ‘ತ್ರಿಜ್ಯಾಂತರ ಖಂಡ’ ಎಂದು ಹೆಸರು. ಮರಾಠಿ ಮಾಧ್ಯಮದವರು ಸುಲಭವಾಗಿ ‘ಪಾಕಳಿ’ ಎನ್ನುತ್ತಾರೆ. ಪಾಕಳಿ ಎಂದರೆ ಹೂವಿನ ದಳ. ಬಾಯಾರು ಅದನ್ನು ಕನ್ನಡಕ್ಕೆ ತಿರುಗಿಸಿ ‘ಎಸಳು’ ಎಂದು ಕಲಿಸತೊಡಗಿದರು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕು ಹೋಗುತ್ತದೆ ಎಂದು ನಾನು ತಕರಾರು ತೆಗೆದೆ.

“ನೀ ಕನ್ನಡದಾಕಿ ಆಗಿ ಎಸಳ ಅನ್ನಾಕ ನಿನಗೇನ ತ್ರಾಸ ತಂಗಿ?” ಎಂದು ಕೇಳಿದರು. “ಪರೀಕ್ಷಾದಾಗ ಉದ್ದಂದ ಬರೀರಿ ಅಂತ ಹೇಳತೀನಿ. ತಲಿಯೊಳಗ ಎಸಳ ಇರ್ಲಿ. ಇಡೀ ಹೂವಿನಾಗ ಇದು ಎಷ್ಟನೇ ಪಾಲು ಅಂತ ಒಂದ ತಿಳಿದ್ರ ಸಾಕು. ಉಳದದ್ದು ತಾನ ಬರತೈತಿ.”

ಅವರ ಗಣಿತವೆಲ್ಲ ಈ ಪಾಲು ಎಂಬ ಮಾತಿನ ಮೇಲೆಯೇ ನಿಂತಿತ್ತು. ಕೋನ ಮುನ್ನೂರ ಅರವತ್ತರಲ್ಲಿ ಎಷ್ಟನೇ ಪಾಲೋ, ಎಸಳು ಇಡೀ ವೃತ್ತದಲ್ಲಿ ಅಷ್ಟನೇ ಪಾಲು. ಲೆಕ್ಕಕ್ಕೆ ಕೈ ಹಾಕುವ ಮೊದಲು ಅಂದಾಜು ಹೇಳಲೇಬೇಕು. ಅಂದಾಜು ತಪ್ಪಿದರೆ ಸಿಟ್ಟಿಲ್ಲ. ಹೇಳದಿದ್ದರೆ ಸಿಟ್ಟು.

ಅವರಿಗೆ ಈ ವೃತ್ತದ ಹುಚ್ಚು ಎಲ್ಲಿಂದ ಹತ್ತಿತು ಎಂಬುದನ್ನು ಬಸ್ಸಿನಲ್ಲೇ ಕೇಳಿದ್ದೆ. ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ ದಾಟುವವರೆಗೆ ಮಗ್ಗಗಳ ಸದ್ದಿಗೆ ಮಾತು ಕೇಳಿಸುವುದಿಲ್ಲ. ಅವರ ಯಜಮಾನರು ಅಲ್ಲೇ ಒಂದು ಚಾದರದ ಕಾರ್ಖಾನೆಯಲ್ಲಿ ಮೇಲ್ವಿಚಾರಕರು, ದಿನವೂ ಗೇಟಿನ ಹತ್ತಿರ ಇಳಿಯುತ್ತಿದ್ದರು. ಅವರು ಇಳಿದು, ಸದ್ದು ಹಿಂದೆ ಬಿದ್ದ ಮೇಲೆ ನಮ್ಮ ಮಾತು ಶುರು.

ಬಾಯಾರ ತವರು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಒಕ್ಕಲುತನದ ಮನೆ. ಇಬ್ಬರು ತಮ್ಮಂದಿರು, ಇವರೇ ಹಿರಿಯರು. ಹೊಲದ ಅಂಚಿನಲ್ಲಿ ರಸ್ತೆಗೆ ಹತ್ತಿಕೊಂಡು ಗುಂಡನೆಯ ಕಣ. ನಡುವೆ ಮೇಟಿ ಎಂಬ ಕಂಬ, ಅದಕ್ಕೆ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತು ತಿರುಗುತ್ತಿದ್ದ ಕಾಲ ಅದು. ಸುಗ್ಗಿಗೆ ಮುಂಚೆ ಕಣವನ್ನೆಲ್ಲ ಸಗಣಿಯಿಂದ ಸಾರಿಸಬೇಕು. ಆ ಕೆಲಸ ತಾಯಿ ಮಗಳದು. ಒಂದು ವರ್ಷ ಬೆಳೆ ಕೈತುಂಬ ಬಂತು. ಅಪ್ಪ ಮೇಟಿಗೆ ಕಟ್ಟಿದ ಹಗ್ಗವನ್ನು ಎರಡು ಪಟ್ಟು ಉದ್ದ ಮಾಡಿ ಹೊಸ ಗೆರೆ ಎಳೆದರು. ಹಗ್ಗ ಎರಡು ಪಟ್ಟಾದರೆ ಸಗಣಿಯೂ ಎರಡು ಪಟ್ಟು ಸಾಕೆಂದು ತಾಯಿ ಮಗಳು ಅಷ್ಟೇ ಕೂಡಿಸಿಟ್ಟರು. ಸಾರಿಸುತ್ತ ಹೋದರೆ ಅರ್ಧ ಕಣಕ್ಕೇ ಸಗಣಿ ಮುಗಿದುಹೋಯಿತು.

“ಅವ್ವ ಬೈದಳು, ನೀ ದಪ್ಪ ಹಚ್ಚೀದಿ ಅಂತ. ನಾ ಹಚ್ಚಿರಲಿಲ್ಲ. ಮುಂದ ಎಂಟನೇ ಇಯತ್ತೆದಾಗ ಸರ ತ್ರಿಜ್ಯದ ವರ್ಗ ಅಂತ ಬರದ್ರು. ತ್ರಿಜ್ಯ ಎರಡ ಪಟ್ಟ ಆದ್ರ ಕ್ಷೇತ್ರ ನಾಕ ಪಟ್ಟ. ನಾ ಕುಂತಲ್ಲೇ ನಕ್ಕೆ. ಸರ ಹೊರಗ ನಿಲ್ಲಿಸಿದ್ರು. ಮನಿಗೆ ಹೋಗಿ ಅವ್ವಗ ಹೇಳಿದೆ, ನಾ ದಪ್ಪ ಹಚ್ಚಿರಲಿಲ್ಲವ್ವ ಅಂತ.”

“ಏನಂದ್ರು?”

“ಆಕಿ ಮರತೇ ಬಿಟ್ಟಿದ್ಳು.”

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಪಾಲಿನ ಮಾತು ಬಂತು. ಹಿರಿಯ ತಮ್ಮ ಒಂದು ಮಧ್ಯಾಹ್ನ ಶಾಲೆಗೇ ಬಂದ. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುವವನು. ಸ್ಟಾಫ್‌ರೂಮಿನಲ್ಲಿ ಆಗ ಇದ್ದವಳು ನಾನೊಬ್ಬಳೇ. ಎದ್ದು ಹೋಗಲು ನೋಡಿದೆ, ಬಾಯಾರು ಕಣ್ಣಿನಲ್ಲೇ ಕೂಡಿಸಿದರು. ತಮ್ಮ ಬಂದದ್ದು ಹಕ್ಕಸೋಡ ಪತ್ರಕ್ಕೆ, ಅಂದರೆ ತವರಿನ ಆಸ್ತಿಯಲ್ಲಿ ನನಗೇನೂ ಬೇಡ ಎಂದು ಹೆಣ್ಣುಮಕ್ಕಳು ಸಹಿ ಹಾಕಿಕೊಡುವ ಕಾಗದಕ್ಕೆ. ಸಹಿಯ ದಿನ ಅಕ್ಕನಿಗೆ ಸೀರೆ ಉಡಿಸಿ, ಹೋಳಿಗೆ ಊಟ ಹಾಕಿ ಕಳಿಸುವುದು ರೂಢಿ.

“ಹೊಲಾ ನನಗ ಬ್ಯಾಡಪ್ಪ” ಎಂದರು ಬಾಯಾರು. “ಸಹಿ ಮಾಡತೀನಿ. ಕಣದಾಗ ಮಾತ್ರ ನನ್ನ ಎಸಳ ನನಗ ಕೊಡ್ರಿ.”

ತಮ್ಮನಿಗೆ ತಿಳಿಯಲಿಲ್ಲ. “ಅಂದ್ರ?”

“ಮೂರ ಮಂದಿ ಅದೀವಿ. ಮೂರರಾಗ ಒಂದ ಪಾಲು. ನೂರಾ ಇಪ್ಪತ್ತ ಡಿಗ್ರಿ.”

ಅವನು ನಕ್ಕ. ಅಕ್ಕ ನಗಲಿಲ್ಲವೆಂದು ಕಂಡು ಸುಮ್ಮನಾದ. “ಈಗ ಕಣದಾಗ ಯಾರ ರಾಶಿ ಮಾಡ್ತಾರಕ್ಕ. ಮಶೀನ ಹೊಲಕ್ಕ ಬರತೈತಿ. ಅಲ್ಲಿ ಕಾಳಿನ ಗೋದಾಮ ಕಟ್ಟಬೇಕಂತ ಮಾಡೀವಿ. ರಸ್ತಾಕ್ಕ ಹತ್ತೇತಿ.”

“ಕಟ್ರಿ. ನಿಮ್ಮ ಪಾಲಿನ್ಯಾಗ ಕಟ್ರಿ.”

“ಸೀಳಿದ ಕಲ್ಲಂಗಡಿ ಇದ್ದಂಗ ಇದ್ದ ಜಾಗಾದಾಗ ಏನ ಕಟ್ಟೂದು? ಬಾವಿ ಮಗ್ಗಲ ಚೌಕ ಜಾಗ ಕೊಡತೀನಿ, ಬೇಕಾದ್ರ ಜರಾ ಜಾಸ್ತೀನ ತಗೋ.”

“ಹೊಲಾ ನೀವು ಉತ್ತೀರಿ, ಅದು ನಿಮ್ಮದ ಅಂದೆ. ಕಣ ಸಾರಿಸಿದಾಕಿ ನಾ. ಅದರಾಗಿಂದ ಕೇಳಾಕತ್ತೀನಿ.”

ತಮ್ಮ ಎದ್ದು ನಿಂತ. ಹೋಗುವಾಗ, “ಊರಾಗ ಎಲ್ಲಾರ ಅಕ್ಕ ತಂಗ್ಯಾರೂ ಸಹಿ ಮಾಡ್ಯಾರ. ಮಂದಿ ಏನಂತಾರ ಅನ್ನೂದ ನೋಡಕ್ಕ” ಎಂದ. ತಂದಿದ್ದ ಪೇರಲ ಹಣ್ಣಿನ ಚೀಲವನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ಬಾಯಾರು ಒಂದನ್ನೂ ಮುಟ್ಟಲಿಲ್ಲ. ಮಕ್ಕಳಿಗೆ ಹಂಚಿಸಿದರು.

ಆ ವರ್ಷ ನಾಗರಪಂಚಮಿಗೆ ಅವರನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ತವರಿನ ಕರೆ ಬಾರದಿದ್ದರೆ ಅದು ಸಣ್ಣ ಮಾತಲ್ಲ. ಹಬ್ಬದ ಮುಂಚಿನ ದಿನ ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ತುಂಬ ಚೀಲ ಹಿಡಿದ ಹೆಂಗಸರು, ಅವರನ್ನು ಕರೆದೊಯ್ಯಲು ಬಂದ ಅಣ್ಣ ತಮ್ಮಂದಿರು. ನಾವಿಬ್ಬರೂ ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೆವು. ಬಾಯಾರು ಉತ್ತರಪತ್ರಿಕೆಗಳ ಕಟ್ಟನ್ನು ಎದೆಗೆ ಅವಚಿಕೊಂಡು, “ಈ ಸಲ ರಗಡ ಪೇಪರ ತಪಾಸೋದೈತಿ” ಎಂದರು, ನಾನು ಏನೂ ಕೇಳದಿದ್ದರೂ.

ಹಬ್ಬ ಮುಗಿಸಿ ನಾನು ಮನೆಯಿಂದ ಶೇಂಗಾ ಉಂಡಿ ಒಯ್ದು ಕೊಟ್ಟೆ. ಒಂದನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, “ನಿಮ್ಮ ಅತ್ತಿಯವರಿಗೆ ಗುಂಡಗ ಕಟ್ಟಾಕ ಬರಾಂಗಿಲ್ಲ ನೋಡು” ಎಂದರು. ತಿನ್ನಲಿಲ್ಲ, ಚೀಲದೊಳಗೆ ಇಟ್ಟುಕೊಂಡರು. ಎಂಐಡಿಸಿಯ ಸದ್ದು ಹಿಂದೆ ಬಿದ್ದ ಮೇಲೂ ಅಂದು ನಮ್ಮ ಮಾತು ಶುರುವಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಊರಿನ ಹಿರಿಯರೂ ಅಪ್ಪನ ತಮ್ಮನೂ ಆದ ಅವರ ಕಾಕಾ, ಎಲ್ಲರೂ ಕೂತು ಮುಗಿಸಿಕೊಳ್ಳಿರೆಂದು ಹೇಳಿ ಕಳಿಸಿದರು. ಬಾಯಾರು ನನ್ನನ್ನೂ ಕರೆದರು. “ಯಜಮಾನ್ರು ಬಂದ್ರ ಅಳಿಯ ಪಾಲ ಕೇಳಾಕ ಬಂದ ಅಂತಾರ. ಒಬ್ಬಾಕೀನ ಹೋದ್ರ ನನಗ ಮಾತ ಬರಾಂಗಿಲ್ಲ. ನೀ ಸುಮ್ಮ ಕುಂದರು, ಸಾಕು.”

ಪಡಸಾಲೆಯಲ್ಲಿ ಕಾಕಾ, ಇಬ್ಬರು ತಮ್ಮಂದಿರು, ನಾವಿಬ್ಬರು. ತಾಯಿ ಅಡಿಗೆಮನೆಯ ಹೊಸ್ತಿಲ ಒಳಗೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಬೆರಳು ಚುರುಕು. ಮಾತು ಹಳೆಯ ದಾರಿಯಲ್ಲೇ ತಿರುಗಿತು. ಬಾವಿ ಮಗ್ಗುಲಿನ ಜಾಗ ತಗೋ ಎನ್ನುವುದು, ಒಲ್ಲೆ ಎನ್ನುವುದು. ಕಿರಿಯ ತಮ್ಮ, “ಇವತ್ತ ಕಣ ಕೇಳತಾಳ, ನಾಳೆ ಹೊಲಾ ಕೇಳತಾಳ” ಎಂದ. ಬಾಯಾರ ಮುಖ ಕೆಂಪಾಯಿತು. ಕೈಚೀಲದಿಂದ ಖಡು ತೆಗೆದರು. ಶಹಾಬಾದ ಕಲ್ಲಿನ ನೆಲದ ಮೇಲೆ ಕೂತಲ್ಲೇ ಒಂದು ವೃತ್ತ ಬರೆದು, ನಡುವಿನಿಂದ ಮೂರು ಗೆರೆ ಎಳೆದರು.

“ಕಾಕಾ, ನೀವ ನೋಡ್ರಿ. ಇದು ದೊಡ್ಡವಂದು, ಇದು ಸಣ್ಣವಂದು, ಇದು ನಂದು. ಹೆಚ್ಚ ಕೇಳೀನಿ ಅಂದ್ರ ಹೇಳ್ರಿ.”

ತಾಯಿ ಮೊರ ಕೆಳಗಿಟ್ಟು, ಚೌಕಟ್ಟು ಹಿಡಿದು ಎದ್ದು ಬಂದರು. ನೆಲದ ಮೇಲಿನ ವೃತ್ತವನ್ನು ಬಾಗಿ ನೋಡಿದರು.

“ಇದರಾಗ ನಂದ ಯಾವದು?” ಎಂದು ಕೇಳಿದರು.

ಕಾಕಾ ಗಂಟಲು ಸರಿಮಾಡಿಕೊಂಡು, “ನಿಂದ್ಯಾಕ ಬ್ಯಾರೆ ವೈನಿ? ಮಕ್ಕಳದೆಲ್ಲಾ ನಿಂದ ಅಲ್ಲೇನು?” ಎಂದರು.

“ಎಲ್ಲಾ ನಂದ ಅಂತ ಮದಿವಿ ಆದಾಗಿಂದ ಕೇಳಾಕತ್ತೀನಿ ಭಾವಜಿ. ಯಾವದು ಅಂತ ಇನ್ನಾ ಯಾರೂ ತೋರಿಸಿಲ್ಲ” ಎಂದರು ತಾಯಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದರು.

ನಾನು ಬಾಯಾರ ಕಡೆ ನೋಡಿದೆ. ಬೋರ್ಡಿನ ಮುಂದೆ ಅವರು ತಡವರಿಸಿದ್ದನ್ನು ನಾನು ಕಂಡಿದ್ದಿಲ್ಲ. ಆಗ ಖಡು ಹಿಡಿದ ಎಡಗೈ ಹಾಗೇ ನಿಂತಿತ್ತು. ಆಮೇಲೆ ಸೆರಗಿನ ತುದಿಯಿಂದ ಮೂರು ಗೆರೆಗಳನ್ನೂ ಒರೆಸಿದರು. ನಡುವೆ ಒಂದು ಗೆರೆ ಉದ್ದಕ್ಕೆ, ಒಂದು ಅಡ್ಡಕ್ಕೆ ಎಳೆದರು. ವೃತ್ತದಲ್ಲಿ ನಾಲ್ಕು ಸರಿಪಾಲು.

“ಅವ್ವಾ, ನಿನಗ ಯಾವ ಎಸಳ ಬೇಕು?”

ತಾಯಿ ವಿಚಾರ ಮಾಡಿದರು. “ಬಾವಿ ಕಡೀದ ಇರ್ಲಿ. ಸಾರಿಸಾಕ ನೀರ ಹೊರೂದು ಹತ್ರ ಆಗತೈತಿ” ಎಂದು ಹೇಳಿ, ಮತ್ತೆ ಹೋಗಿ ಮೊರದ ಮುಂದೆ ಕೂತರು.

ಅಲ್ಲಿಗೆ ವಾದ ಮುಗಿಯಿತು. ಅಕ್ಕನಿಗೆ ಇಲ್ಲ ಎಂದು ಹೇಳಿದಷ್ಟು ಸುಲಭವಾಗಿ ತಾಯಿಗೆ ಇಲ್ಲ ಎನ್ನಲು ತಮ್ಮಂದಿರ ಬಾಯಿ ಏಳಲಿಲ್ಲ. ಹೊಲ ಇಬ್ಬರಿಗೂ, ಕಣ ನಾಲ್ವರಿಗೂ ಎಂದು ಕಾಕಾ ತೀರ್ಮಾನ ಮಾಡಿದರು. ತಾಯಿಯ ಎಸಳಿನ ಪಕ್ಕದ್ದನ್ನು ಬಾಯಾರು ಆರಿಸಿಕೊಂಡರು. ಹೀಗೆ ಅರ್ಧ ಕಣ ಹೆಂಗಸರದಾಯಿತು. ಹಿರಿಯ ತಮ್ಮ ಊಟಕ್ಕೆ ಕೂಡದೆ ಹೊಲಕ್ಕೆ ಹೋದ.

ಬಸ್ಸಿನಲ್ಲಿ ಬಾಯಾರು ಗೆದ್ದವರ ಹಾಗೆ ಇರಲಿಲ್ಲ. ಊರು ಹತ್ತಿರ ಬಂದಾಗ ಮೆಲ್ಲಗೆ ಹೇಳಿದರು, “ನಾ ಮೂರರಿಂದ ಭಾಗಿಸಿದ್ನೆಲ್ಲ ತಂಗಿ. ಅವ್ವನ್ನ ಎಣಿಸೇ ಇರಲಿಲ್ಲ.”

“ಯಾರೂ ಎಣಿಸಿರಲಿಲ್ಲ ಬಿಡ್ರಿ.”

“ಉಳದವರ ಮಾತ ಬ್ಯಾರೆ. ಕಣ ಸಾರಿಸಿದಾಕಿ ನಾ ಅಂತ ಹೇಳಿ ಕೇಳಿದಾಕಿ ನಾ. ನನ್ನ ಮಗ್ಗಲದಾಗ ಕುಂತ ಸಾರಿಸಿದಾಕಿ ಯಾರು?”

ಅವರ ಕೈ ಹಿಡಿದುಕೊಂಡೆ. ಖಡುವಿನ ಪುಡಿ ಇನ್ನೂ ಇತ್ತು.

ತಮ್ಮಂದಿರು ತಮ್ಮ ಅರ್ಧದಲ್ಲಿ ತಗಡಿನ ಗೋದಾಮು ಹಾಕಿಸಿದರು. ಈಚೆಯ ಅರ್ಧವನ್ನು ತಾಯಿ ಸೊಸೆಯಂದಿರ ಕೈಯಿಂದ ಸಾರಿಸಿ ಇಟ್ಟರು. ಬೇಸಿಗೆಯಲ್ಲಿ ಶ್ಯಾವಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸಲು ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬರತೊಡಗಿದರು. ತಾಯಿ ಕೋಲು ಹಿಡಿದು ಕಾಗೆ ಕಾಯುತ್ತ ಕೂಡುತ್ತಿದ್ದರಂತೆ. ಯಾರು ಎಲ್ಲಿ ಹಾಸಬೇಕೆಂದು ಹೇಳುವವರೂ ಅವರೇ. ಬಾಯಾರು ತಿಂಗಳಿಗೊಮ್ಮೆ ತಾಯಿಯನ್ನು ನೋಡಲು ಹೋಗುತ್ತಿದ್ದರು. ಹಿರಿಯ ತಮ್ಮ ಮಾತ್ರ ಅಕ್ಕನ ಜೊತೆ ಮಾತಾಡುತ್ತಿರಲಿಲ್ಲ. ಅಕ್ಕನೂ ಬಿಟ್ಟಿದ್ದರು. ಮಾತು ಬಿಡುವುದರಲ್ಲಿ ಒಂದೇ ಮನೆಯವರು.

ಮಾತು ಮತ್ತೆ ಬಂದದ್ದು ಪಾಠದ ನೆಪದಲ್ಲಿ. ನಿವೃತ್ತಿಗೆ ಸ್ವಲ್ಪ ಮುಂಚೆ, ಚಳಿಗಾಲದಲ್ಲಿ, ಬಾಯಾರು ಹತ್ತನೇ ತರಗತಿಯ ಮಕ್ಕಳನ್ನು ಟೆಂಪೊ ಮಾಡಿ ಆ ಕಣಕ್ಕೆ ಕರೆದುಕೊಂಡು ಹೋದರು. ಎಸಳಿನ ಲೆಕ್ಕವನ್ನು ನೆಲದ ಮೇಲೇ ಕಲಿಸಬೇಕೆಂದು ಅವರಿಗೆ ಬಹಳ ದಿನದ ಆಸೆ. ಶಿಸ್ತು ನೋಡಿಕೊಳ್ಳಲು ಅಂತ ನಾನು.

ನಡುವೆ ಗೂಟ ಹೊಡೆದು ಹಗ್ಗ ಕಟ್ಟಬೇಕು. ಗೂಟ ನಿಲ್ಲಲಿಲ್ಲ. ಮೇಟಿ ಕಿತ್ತ ಗುಂಡಿಗೆ ಕಲ್ಲು ತುಂಬಿದ್ದರಿಂದ ಹೊಡೆದಷ್ಟೂ ವಾಲುತ್ತಿತ್ತು. ಹುಡುಗರು ಹಗ್ಗ ಎಳೆದರೆ ಕಿತ್ತೇ ಬರುತ್ತಿತ್ತು. ಬಾಯಾರು ಬಿಸಿಲಿನಲ್ಲಿ ಬೆವರುತ್ತ ಇನ್ನೊಂದು ಗೂಟ ಹುಡುಕುತ್ತಿದ್ದರು. ಹಿರಿಯ ತಮ್ಮ ಗೋದಾಮಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಆಮೇಲೆ ಬಂದು, ಗೂಟ ಪಕ್ಕಕ್ಕೆ ಎಸೆದು, ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಕುಕ್ಕರಗಾಲಿನಲ್ಲಿ ಕೂತ.

“ಗಟ್ಟಿ ಹಿಡಿ” ಎಂದರು ಬಾಯಾರು.

“ಹಿಡದೀನಿ” ಎಂದ.

ಹುಡುಗಿಯೊಬ್ಬಳು ಹಗ್ಗದ ಇನ್ನೊಂದು ತುದಿ ಹಿಡಿದು, ಸುಣ್ಣ ಉದುರಿಸುತ್ತ ಹೊರಟಳು. ಅವಳು ಸುತ್ತಿದ ಹಾಗೆ ಅವನೂ ಕೂತಲ್ಲೇ ತಿರುಗಬೇಕು. ಗೋದಾಮಿನ ಗೋಡೆ ಅಡ್ಡ ಬಂದಲ್ಲಿ ನಿಂತರು. ಬಾಯಾರು ಎಂದಿನಂತೆ, “ಒಂದ ಎಸಳಿನ್ಯಾಗ ಎಷ್ಟ ಜಾಗ ಐತಿ, ಅಂದಾಜ ಹೇಳ್ರಿ” ಎಂದರು. ಮಕ್ಕಳು ಬಾಯಿಗೆ ಬಂದದ್ದನ್ನು ಹೇಳಿದರು. ನಡುವಿನಿಂದ ತಮ್ಮನೂ ಒಂದು ಅಂದಾಜು ಹೇಳಿದ. ಹಗ್ಗ ಅಳೆದು, ವರ್ಗ ಮಾಡಿ, ಪೈಯಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದಾಗ ಎಲ್ಲರಿಗಿಂತ ಹತ್ತಿರ ಬಂದದ್ದು ಅವನ ಅಂದಾಜು. ಮಕ್ಕಳು ಚಪ್ಪಾಳೆ ತಟ್ಟಿದರು.

“ಅವ ನನ್ನ ತಮ್ಮ” ಎಂದರು ಬಾಯಾರು ಮಕ್ಕಳಿಗೆ. ಅರ್ಧ ಮಾರ್ಕಿಗೂ ಜಿಪುಣಿಯಾದ ಹೆಂಗಸು ಅಷ್ಟು ಹೆಮ್ಮೆಯಿಂದ ಯಾರ ಬಗ್ಗೆಯೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮುಂದಿನ ಪಂಚಮಿಗೆ ಅವನು ಮೋಟಾರ್‌ಸೈಕಲ್ ಹತ್ತಿ ಸೊಲ್ಲಾಪುರಕ್ಕೆ ಬಂದು ಅಕ್ಕನನ್ನು ಕರೆದೊಯ್ದ.

ಕೆಲವು ವರ್ಷಗಳ ಮೇಲೆ ತಾಯಿ ತೀರಿಕೊಂಡರು. ಅವ್ವನ ಎಸಳು ಪೂರ್ತಿ ಅಕ್ಕನೇ ಇಟ್ಟುಕೊಳ್ಳಲಿ ಎಂದು ತಮ್ಮಂದಿರೇ ಹೇಳಿದರಂತೆ. ಇವರು ಒಪ್ಪಲಿಲ್ಲ. ಅವ್ವನ ಪಾಲು ಅವ್ವನ ಮಕ್ಕಳೆಲ್ಲರದು ಎಂದು ತೊಂಬತ್ತು ಡಿಗ್ರಿಯನ್ನು ಮೂರು ಭಾಗ ಮಾಡಿಸಿದರು. ಅದನ್ನು ಹೇಳಲು ನಮ್ಮ ಮನೆಗೆ ಬಂದಿದ್ದರು.

“ತೊಂಬತ್ತಕ್ಕ ಮೂವತ್ತ ಕೂಡಿತು. ನೂರಾ ಇಪ್ಪತ್ತ ಆತು ನೋಡು” ಎಂದರು.

“ಮೊದಲ ನೀವ ಕೇಳಿದ್ದೂ ಅಷ್ಟ ಅಲ್ಲೇನ್ರಿ” ಎಂದೆ.

“ಅಷ್ಟ. ಆದ್ರ ಆವಾಗ ತಗೊಂಡಿದ್ರ ಅದು ಅವ್ವನ ಪಾಲ ತಿಂದಂಗ ಆಗತಿತ್ತು. ಈಗ ಆಕೀನ ಕೊಟ್ಟಂಗ ಆತು.” ಚಹಾದ ಬಸಿಯನ್ನು ಕೆಳಗಿಟ್ಟರು. “ಉತ್ತರ ಒಂದ ಬಂದ್ರೂ ರೀತಿ ತಪ್ಪಿದ್ರ ನಾ ಯಾವಾಗರ ಮಾರ್ಕ ಕೊಟ್ಟೇನೇನು?”

ಕಡೆಯ ವರ್ಷ ಸಕ್ಕರೆ ರೋಗ ಅವರ ಮೂತ್ರಪಿಂಡಕ್ಕೆ ಇಳಿಯಿತು. ನೋಡಲು ಹೋದಾಗ ಗುಂಡನೆಯ ಮೈ ಕರಗಿ ಹಾಸಿಗೆಯಲ್ಲಿ ಇದ್ದೂ ಇಲ್ಲದಂತಿತ್ತು. ಡಾಕ್ಟರು ಏನು ಹೇಳುತ್ತಾರೆ ಎಂದು ಕೇಳಿದೆ. “ಅಂದಾಜ ಹೇಳ್ರಿ ಅಂದ್ರ ಹೇಳವಲ್ರು. ನಮ್ಮ ಮಕ್ಕ್ಳಿಗಿಂತ ಅಂಜತಾರ” ಎಂದು ನಕ್ಕರು. ಹೊರಗೆ ಬಂದ ಮೇಲೆ ನನಗೆ ಅಳು ಬಂತು. ಮಳೆಗಾಲ ಮುಗಿಯುವ ಮುನ್ನ ಹೋದರು.

ಈಚೆಗೆ ಅವರ ಹಿರಿಯ ತಮ್ಮ ಹೆಂಡತಿಯೊಡನೆ ಸೊಲ್ಲಾಪುರದ ನವಿ ಪೇಠದಲ್ಲಿರುವ ನಮ್ಮ ಮನೆಯವರ ಬಟ್ಟೆ ಅಂಗಡಿಗೆ ಬಂದಿದ್ದ. ನಿವೃತ್ತಿಯ ಮೇಲೆ ನಾನೂ ಗಲ್ಲಾಪೆಟ್ಟಿಗೆಯ ಪಕ್ಕ ಕೂಡುತ್ತೇನೆ. ಅವನ ಕೂದಲು ಪೂರಾ ಬೆಳ್ಳಗಾಗಿದೆ. ಹೆಂಡತಿ ಸೀರೆ ನೋಡುತ್ತಿದ್ದಳು, ನಾವು ಬಾಯಾರ ಮಾತು ತೆಗೆದೆವು. ಅವನು ಅವತ್ತೇ ವಕೀಲರ ಹತ್ತಿರ ಹೋಗಿ ಬಂದಿದ್ದನಂತೆ.

“ನಮಗೂ ವಯಸ್ಸಾತಲ್ರಿ ಅಕ್ಕಾರ. ಮುಂದ ಜಗಳ ಬ್ಯಾಡ, ಎಲ್ಲಾ ಬರದಿಡೂಣು ಅಂತ ಹೋಗಿದ್ದೆ. ಮಗನ ಹೆಸರ ಹೇಳಿದೆ. ಇಬ್ರೂ ಹೆಣ್ಣಮಕ್ಕಳ ಹೆಸರ ಹೇಳಿದೆ. ವಕೀಲ ಕೇಳಿದ, ಮುಗೀತೇನ್ರಿ ಅಂತ. ಮುಗೀತು ಅನ್ನಾಂವ ಇದ್ದೆ ನೋಡ್ರಿ. ತಡೀರಿ, ಮನಿಯಾಕೀದು ಬರಕೊಳ್ರಿ ಅಂದೆ. ಹೊಲದಾಗೂ ಹಾಕ್ರಿ, ಕಣದಾಗೂ ಹಾಕ್ರಿ ಅಂದೆ.”

ಅವನ ಹೆಂಡತಿ ಒಂದು ಇಳಕಲ್ ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಈ ಮಾತು ಅವಳಿಗೆ ಹೊಸದೆಂದು ತೋರಿತು. ಸೆರಗನ್ನು ಮಡಿಚಿ ಇಟ್ಟಳು.

“ನಂದು ರಸ್ತಾದ ಕಡೀದ ಇರ್ಲಿ” ಎಂದಳು.